ಲಾ ಕಾಲೇಜಿನ ಸಲಹೆ ಮೇಜಿಗೆ ಮೊದಲು ಬೇಕಾದದ್ದು ಕ್ಯಾಲ್ಕುಲೇಟರ್

ಲಾ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಸಲಹೆ, ನೆರವಿನ ಕೆಲಸ ನೋಡಿಕೊಳ್ಳುತ್ತೇನೆ ಅಂದ ತಕ್ಷಣ ಜನ ‘ಓ, ಕೌನ್ಸೆಲಿಂಗಾ?’ ಅಂತಾರೆ. ಕೌನ್ಸೆಲಿಂಗ್ ಓದಿದವರು ಬೇರೆ ಇದ್ದಾರೆ. ನನ್ನ ದಿನದ ಮುಕ್ಕಾಲು ಪಾಲು ಹಾಜರಾತಿ, ಕೊನೇ ದಿನಾಂಕ, ಸ್ಕಾಲರ್‌ಶಿಪ್ ಅರ್ಜಿ, ಇಂಟರ್ನ್‌ಶಿಪ್ ಪತ್ರ ಇವುಗಳಲ್ಲೇ ಹೋಗುತ್ತದೆ. ಸಮಾಧಾನ ಹೇಳುವುದಕ್ಕಿಂತ ಸರಿಯಾದ ಅಂಕಿ, ಸರಿಯಾದ ತಾರೀಖು ಬೇಗ ಹೇಳಿಬಿಟ್ಟರೆ ಅರ್ಧ ಸಂಕಟ ಹುಟ್ಟುವುದೇ ಇಲ್ಲ. ಇಷ್ಟು ವರ್ಷದಲ್ಲಿ ನನಗೆ ಖಾತ್ರಿಯಾಗಿರುವುದು ಅದೊಂದೇ.

ನಮ್ಮದು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು. ಪಿಯುಸಿ ಮುಗಿಸಿ ಐದು ವರ್ಷದ ಕೋರ್ಸಿಗೆ ಬರುವ ಮಕ್ಕಳು ಒಂದು ಕಡೆ. ಮೂರು ವರ್ಷದ ಎಲ್‌ಎಲ್‌ಬಿಯವರು ಇನ್ನೊಂದು ಕಡೆ. ಅಲ್ಲಿ ಆಗ ತಾನೇ ಡಿಗ್ರಿ ಮುಗಿಸಿದವರಿದ್ದಾರೆ, ಮಗುವನ್ನು ಸ್ಕೂಲಿಗೆ ಬಿಟ್ಟು ಓಡಿ ಬರುವ ತಾಯಂದಿರಿದ್ದಾರೆ, ರಿಟೈರ್ ಆದ ಮೇಲಾದರೂ ಕರಿ ಕೋಟು ಹಾಕಲೇಬೇಕು ಅಂತ ಹಟ ಹಿಡಿದವರೂ ಇದ್ದಾರೆ. ಅಪ್ಪನ ವಯಸ್ಸಿನವರಿಗೆ ‘ಸರ್, ನಿಮ್ಮ ಅಟೆಂಡೆನ್ಸ್ ಕಡಿಮೆ’ ಅನ್ನಬೇಕಾದರೆ ಸ್ವಲ್ಪ ಧೈರ್ಯ ಬೇಕು.

ಜಾಸ್ತಿ ಗೊಂದಲ ಇರುವುದು ಹಾಜರಾತಿಯಲ್ಲೇ. ವಕೀಲಿಕೆ, ಕಾನೂನು ಶಿಕ್ಷಣ ಎರಡಕ್ಕೂ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ 12ನೇ ನಿಯಮ ಇದೆ. ಪ್ರತಿ ವಿಷಯದಲ್ಲೂ ನಡೆದ ಕ್ಲಾಸುಗಳಲ್ಲಿ ಶೇ 70 ಹಾಜರಿ ಇರಬೇಕು. ತೀರಾ ವಿಶೇಷ ಕಾರಣ ಇದ್ದರೆ ಆ ವಿಷಯದಲ್ಲಿ ಶೇ 65 ಇದ್ದರೂ ಪ್ರಿನ್ಸಿಪಾಲರು ಪರೀಕ್ಷೆಗೆ ಬಿಡಬಹುದು. ಆದರೆ ಎಲ್ಲ ವಿಷಯ ಸೇರಿ ಶೇ 70 ಇರಲೇಬೇಕು. ಹುಡುಗರು ಈ ಕೊನೇ ಮಾತನ್ನು ಮಾತ್ರ ಹಿಡಿದುಕೊಳ್ಳುತ್ತಾರೆ. ‘ಮೂರು ಸಬ್ಜೆಕ್ಟ್‌ನಲ್ಲಿ 80 ಇದೆ, ಒಂದರಲ್ಲಿ 58. ಆವರೇಜ್ 70 ದಾಟುತ್ತಲ್ವಾ?’ ದಾಟುತ್ತದೆ. ಆದರೂ ಆ ಒಂದು ಪೇಪರ್ ಕೈ ತಪ್ಪುತ್ತದೆ.

ಅದಕ್ಕೇ ನಾನು ಸೆಮಿಸ್ಟರ್ ಅರ್ಧಕ್ಕೆ ಬರುವ ಮುಂಚೆಯೇ ಪಟ್ಟಿ ತೆಗೆಯುತ್ತೇನೆ. ಕೊನೇ ವಾರದಲ್ಲಿ ನೋಟಿಸ್ ಬೋರ್ಡಿಗೆ ಅಂಟಿಸುವ ಶಾರ್ಟೇಜ್ ಪಟ್ಟಿಯಿಂದ ಅಳು ಬರುತ್ತದೆ, ಹಾಜರಿ ಬರುವುದಿಲ್ಲ. ಒಬ್ಬ ಹುಡುಗಿಯ ಲೆಕ್ಕ ಹೇಳುತ್ತೇನೆ. ಆ ವಿಷಯಕ್ಕೆ ಒಟ್ಟು 60 ಕ್ಲಾಸು. ಆಗ ನಡೆದಿದ್ದವು 28, ಅವಳು ಕೂತಿದ್ದು 14. ಶೇ 70 ಅಂದರೆ 42. ಉಳಿದ 32ರಲ್ಲಿ 28ಕ್ಕೆ ಬರಲೇಬೇಕು, ತಪ್ಪಿಸಲು ಇರುವುದು ನಾಲ್ಕೇ. ಇದನ್ನು ಅವಳ ಕೈಯಲ್ಲೇ ಅವಳ ನೋಟ್‌ಬುಕ್ಕಿನಲ್ಲಿ ಬರೆಸಿದೆ. ‘ರೆಗ್ಯುಲರ್ ಆಗಿ ಬಾಮ್ಮ’ ಅಂತ ಹೇಳಿದ್ದರೆ ತಲೆ ಆಡಿಸಿ ಹೋಗುತ್ತಿದ್ದಳು. ನಾಲ್ಕು ಅನ್ನುವ ಅಂಕಿ ನೋಡಿದ ಮೇಲೆ ತಾನಾಗಿಯೇ ಬಾಯಿ ಬಿಟ್ಟಳು: ‘ಮೇಡಂ, ಅದು ಫಸ್ಟ್ ಅವರ್.’

ಟೈಮ್‌ಟೇಬಲ್ ತೆಗೆದು ನೋಡಿದರೆ ನಿಜ. ತಪ್ಪಿದ್ದೆಲ್ಲ ಮೊದಲ ಗಂಟೆಯ ಕ್ಲಾಸುಗಳೇ. ಊರಿಂದ ಬರುವ ಬೆಳಗಿನ ಬಸ್ಸು ಒಂದೇ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಚಿಂತೆ ಇಲ್ಲ, ಕಾಲಿಡಲು ಜಾಗ ಇಲ್ಲ ಅಷ್ಟೇ. ಅವಳ ಊರಿನ ಕಡೆಯಿಂದ ಬರುವ ಇನ್ನೂ ಕೆಲವರ ಕಥೆ ಅದೇ ಆಗಿತ್ತು. ಎಲ್ಲರ ಹಾಜರಿಯನ್ನು ಒಂದೇ ಹಾಳೆಗೆ ಹಾಕಿ ಪ್ರಿನ್ಸಿಪಾಲರಿಗೆ ತೋರಿಸಿದೆ. ಆ ವಿಷಯ ಮೂರನೇ ಗಂಟೆಗೆ ಹೋಯಿತು. ಬುದ್ಧಿ ಹೇಳಿದ್ದರೆ ಬಸ್ಸೇನು ಬೇಗ ಬರುತ್ತಿರಲಿಲ್ಲ.

ಇನ್ನು ಮೆಡಿಕಲ್ ಸರ್ಟಿಫಿಕೇಟ್. ಅದನ್ನು ತಂದುಕೊಟ್ಟರೆ ಹಾಜರಿ ಸಿಗುತ್ತದೆ ಅಂತ ನಂಬಿದವರೇ ಜಾಸ್ತಿ. ಸಿಗುವುದಿಲ್ಲ. ಅದು 65ರಿಂದ 70ರ ನಡುವಿನ ಸಣ್ಣ ಸಂದಿಯಲ್ಲಿ ನುಸುಳಲು ಒಂದು ಕಾರಣ ಆಗಬಹುದು, ಅಷ್ಟೇ. ಇಂಟರ್ನ್‌ಶಿಪ್ ಕಥೆಯೂ ಹಾಗೇ. ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ್ದಕ್ಕೆ 20 ವಾರ ಮಾಡಬೇಕು, ಸತತವಾಗಿ ನಾಲ್ಕು ವಾರಕ್ಕಿಂತ ಜಾಸ್ತಿ ಇಲ್ಲ. ರಜೆ ಬಿಟ್ಟು ಕ್ಲಾಸು ನಡೆಯುವಾಗ ಸೀನಿಯರ್ ವಕೀಲರ ಹಿಂದೆ ಹೋದರೆ ಪತ್ರ ಸಿಗುತ್ತದೆ, ಹಾಜರಿ ಹೋಗುತ್ತದೆ.

2025ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಬಂತು. ಹಾಜರಾತಿ ಕಡಿಮೆ ಅಂತ ಕಾನೂನು ವಿದ್ಯಾರ್ಥಿಯನ್ನು ಪರೀಕ್ಷೆಯಿಂದ ತಡೆಯಬಾರದು, ಬಾರ್ ಕೌನ್ಸಿಲ್ ತನ್ನ ನಿಯಮ ಮರುಪರಿಶೀಲಿಸಬೇಕು ಅಂತ. ಆ ಪ್ರಕರಣ ಶುರುವಾಗಿದ್ದು 2016ರಲ್ಲಿ, ದೆಹಲಿಯಲ್ಲಿ ಒಬ್ಬ ವಿದ್ಯಾರ್ಥಿ ಜೀವ ಕಳೆದುಕೊಂಡಾಗ. ತೀರ್ಪು ಬಂದ ಮೇಲೆ ಎಲ್ಲರ ಮೊಬೈಲಿನಲ್ಲೂ ಅದೇ ಸುದ್ದಿ: ‘ಇನ್ನು ಅಟೆಂಡೆನ್ಸ್ ಬೇಡ ಅಲ್ವಾ ಮೇಡಂ?’ ಒಂದು ಹೈಕೋರ್ಟಿನ ಆದೇಶ ಬೇರೆ ರಾಜ್ಯದಲ್ಲಿ ಎಷ್ಟರ ಮಟ್ಟಿಗೆ ನಡೆಯುತ್ತದೆ ಅನ್ನುವುದು ಮೂಟ್ ಕೋರ್ಟಿಗೆ, ಅಂದರೆ ವಿದ್ಯಾರ್ಥಿಗಳ ಅಣಕು ನ್ಯಾಯಾಲಯಕ್ಕೆ, ಒಳ್ಳೇ ವಿಷಯ. ಸ್ವಂತ ಹಾಲ್ ಟಿಕೆಟ್ ಪಣಕ್ಕಿಟ್ಟು ವಾದ ಮಾಡುವ ವಿಷಯ ಅಲ್ಲ. ವಿಶ್ವವಿದ್ಯಾಲಯದ ಸುತ್ತೋಲೆ ಕೈಗೆ ಬರುವ ತನಕ 70 ಅಂತಲೇ ಲೆಕ್ಕ ಹಾಕಿ ಅನ್ನುತ್ತೇನೆ. ಆದರೆ ಆ ಹುಡುಗನ ವಿಷಯ ನನ್ನ ತಲೆಯಿಂದ ಹೋಗಿಲ್ಲ. ಪಟ್ಟಿ ಬೇಗ ತೆಗೆಯುವುದಕ್ಕೆ ಅದೂ ಒಂದು ಕಾರಣ.

ಮೊದಲ ವರ್ಷದವರ ದೊಡ್ಡ ಸಂಕಟ ಭಾಷೆ. ನಮ್ಮ ಪ್ರಶ್ನೆ ಪತ್ರಿಕೆಯ ಮೇಲೆಯೇ ಬರೆದಿರುತ್ತದೆ: ಉತ್ತರ ಪೂರ್ತಿ ಕನ್ನಡದಲ್ಲಿರಬೇಕು, ಇಲ್ಲಾಂದ್ರೆ ಪೂರ್ತಿ ಇಂಗ್ಲಿಷಿನಲ್ಲಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಒಬ್ಬ ಹುಡುಗ ಇಂಟರ್ನಲ್ ಟೆಸ್ಟಿನ ಪೇಪರ್ ಹಿಡಿದು ಬಂದಿದ್ದ. ಕಾಂಟ್ರಾಕ್ಟ್ ಕಾಯ್ದೆಯ 10ನೇ ಸೆಕ್ಷನ್, ಅಂದರೆ ಎಂಥ ಒಪ್ಪಂದ ಕಾನೂನಿನ ಕಣ್ಣಲ್ಲಿ ಕರಾರಾಗುತ್ತದೆ ಅನ್ನುವುದರ ಮೇಲಿನ ಉತ್ತರ. ಗೈಡಿನಿಂದ ಬಾಯಿಪಾಠ ಮಾಡಿದ ಇಂಗ್ಲಿಷ್ ವಾಕ್ಯ ಅರ್ಧಕ್ಕೆ ಮರೆತು, ಮುಂದಿನದನ್ನು ತಂದು ಅಂಟಿಸಿದ್ದ. ಪೇಪರ್ ಮಡಚಿಟ್ಟು, ‘ನಿಮ್ಮಪ್ಪ ಮೆಕ್ಕೆಜೋಳ ಮಾರಿದ್ದು ಹೇಳು’ ಅಂದೆ. ವ್ಯಾಪಾರಿ ಮನೆಗೆ ಬಂದದ್ದು, ರೇಟು ಹೇಳಿದ್ದು, ಅಪ್ಪ ಒಪ್ಪಿದ್ದು, ಮುಂಗಡ ಕೊಟ್ಟದ್ದು, ಆಮೇಲೆ ತೇವ ಜಾಸ್ತಿ ಅಂತ ರೇಟು ಇಳಿಸಿದ್ದು, ಎಲ್ಲ ಹೇಳಿದ. ಪ್ರಸ್ತಾವ, ಸ್ವೀಕೃತಿ, ಪ್ರತಿಫಲ, ಮುಕ್ತ ಸಮ್ಮತಿ ಎಲ್ಲ ಅದರಲ್ಲೇ ಇತ್ತು. ಅದನ್ನೇ ಕನ್ನಡದಲ್ಲಿ ಬರಿ ಅಂದರೆ ಮುಖ ಸಣ್ಣ ಮಾಡಿಕೊಂಡ. ಕನ್ನಡದಲ್ಲಿ ಬರೆದವರು ದೊಡ್ಡ ಲಾಯರ್ ಆಗಲ್ಲ ಅಂತ ಯಾರೋ ಸೀನಿಯರ್ ತಲೆಗೆ ತುಂಬಿದ್ದರು.

ನನ್ನ ಅಭಿಪ್ರಾಯ ಖಡಾಖಂಡಿತ: ಗೊತ್ತಿರುವ ಭಾಷೆಯಲ್ಲಿ ಮೊದಲು ಪಾಸಾಗಿ. ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಕಕ್ಷಿದಾರ ಮಾತಾಡುವುದು, ಸಾಕ್ಷಿ ಹೇಳುವುದು ಕನ್ನಡದಲ್ಲೇ. ಹಾಗಂತ ಇಂಗ್ಲಿಷ್ ಬಿಟ್ಟುಬಿಡಿ ಅನ್ನಲು ಆಗುವುದಿಲ್ಲ. ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಭಾಷೆ ಇಂಗ್ಲಿಷೇ, ಒಳ್ಳೇ ಪುಸ್ತಕಗಳೂ ಹೆಚ್ಚಾಗಿ ಅದರಲ್ಲೇ ಇವೆ. ಹಾಗಾಗಿ ಕಾಯ್ದೆಯ ಮೂಲ ಪಠ್ಯವನ್ನು ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು, ದಿನಕ್ಕೆ ಒಂದೇ ಸೆಕ್ಷನ್ ಓದಿಸುತ್ತೇನೆ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳ ಕನ್ನಡ ಅನುವಾದವೂ ಈಗ ಸಿಗುತ್ತದೆ. ಅನುವಾದ ಒಮ್ಮೊಮ್ಮೆ ಕಬ್ಬಿಣದ ಕಡಲೆ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಸ್ಕಾಲರ್‌ಶಿಪ್ ಬಗ್ಗೆ ಜಾಸ್ತಿ ಹೇಳಲ್ಲ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವವರು ಮೂರು ನೋಡಿಕೊಂಡರೆ ಸಾಕು: ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಚಾಲ್ತಿಯಲ್ಲಿದೆಯಾ, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿದೆಯಾ, ಇ-ಅಟೆಸ್ಟೇಶನ್ (ದಾಖಲೆಗಳ ಆನ್‌ಲೈನ್ ದೃಢೀಕರಣ) ಮುಗಿದಿದೆಯಾ. ಹಣ ಬಂದಿಲ್ಲ ಅಂತ ಬರುವವರಲ್ಲಿ ಹೆಚ್ಚಿನವರ ಗಂಟು ಇರುವುದು ಎರಡನೆಯದರಲ್ಲಿ.

ಲೆಕ್ಕಕ್ಕೆ ಸಿಗದ ವಿಷಯವೂ ಮೇಜಿಗೆ ಬರುತ್ತದೆ. ಚೆನ್ನಾಗಿ ಓದುವವರು ಇದ್ದಕ್ಕಿದ್ದಂತೆ ಟಿಸಿ ಕೇಳಿದರೆ ನಾನು ಫಾರಂ ಕೊಡುವ ಮುಂಚೆ ಬಾಗಿಲು ಹಾಕಿ ಕೂರಿಸುತ್ತೇನೆ. ‘ಬದುಕೋದೇ ಬೇಡ ಅನ್ನಿಸ್ತಿದೆಯಾ?’ ಅಂತ ನೇರವಾಗಿ ಕೇಳುತ್ತೇನೆ. ಹೌದು ಅಂದರೆ ಅವರನ್ನು ಒಬ್ಬರೇ ಕಳಿಸುವುದಿಲ್ಲ, ಕೌನ್ಸೆಲರ್ ಹತ್ತಿರ ಜೊತೆಗೇ ಹೋಗುತ್ತೇನೆ. ರಾತ್ರಿ ಹೊತ್ತಿಗೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಅವರ ಫೋನಿನಲ್ಲಿ ಸೇವ್ ಮಾಡಿಸುತ್ತೇನೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇಂಥ ಮಾತು ಮೇಜಿನ ರಿಜಿಸ್ಟರಿಗೆ ಹೋಗುವುದಿಲ್ಲ. ಅಲ್ಲಿ ‘ಸಲಹೆ ನೀಡಲಾಯಿತು’ ಅಂತಷ್ಟೇ ಇರುತ್ತದೆ.

ಕೊನೇ ವರ್ಷದವರ ಪ್ರಶ್ನೆ ಒಂದೇ: ಸನ್ನದು, ಅಂದರೆ ವಕೀಲರಾಗಿ ನೋಂದಣಿ, ಪಡೆಯಲು ಎಷ್ಟು ಖರ್ಚು? ಮೊದಲೆಲ್ಲ ರಾಜ್ಯಕ್ಕೊಂದು ರೇಟು, ಸಾವಿರಗಟ್ಟಲೆ. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ವಕೀಲರ ಕಾಯ್ದೆಯಲ್ಲಿ ಇರುವಷ್ಟೇ ತೆಗೆದುಕೊಳ್ಳಬೇಕು. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡಕ್ಕೆ 125. ಸಾಲಕ್ಕೆ ಓಡಾಡಲು ಶುರು ಮಾಡಿದ್ದ ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರಲಿಲ್ಲ. ಈಗ ಅವರಿಗೆ ಕೊಡುವ ಹಾಳೆಯಲ್ಲಿ ಮೊದಲ ಸಾಲು ಇದು. ಎರಡನೇ ಸಾಲು: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪದವಿ ಅಂಕಪಟ್ಟಿ, ಆಧಾರ್ ಮೂರರಲ್ಲೂ ಹೆಸರು ಒಂದೇ ಇದೆಯಾ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೆ ಕೊನೇ ಸೆಮಿಸ್ಟರ್ ಶುರುವಾಗುವ ಮುಂಚೆಯೇ ನನ್ನ ಹತ್ತಿರ ಬನ್ನಿ. ರಿಸಲ್ಟ್ ಬಂದ ಮೇಲೆ ಬಂದರೆ ಅಫಿಡವಿಟ್ಟಿಗೂ ತಿದ್ದುಪಡಿಗೂ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.