ಕಾಲು ಬೀಟಿನ ದೀಪ: ವಿಆರ್ ಆಟಕ್ಕೆ ಬಣ್ಣ ಕೂರಿಸುವಾಗ ಕಲಿತದ್ದು

ವರ್ಚುವಲ್ ರಿಯಾಲಿಟಿ (ವಿಆರ್) ಆಟಗಳನ್ನು ತಯಾರಿಸುವ ಸಣ್ಣ ತಂಡವೊಂದರಲ್ಲಿ ಬೆಳಕಿನ ವಿನ್ಯಾಸ ನನ್ನ ಕೆಲಸ. ಈ ಕೆಲಸ ಸಿಕ್ಕಿದ್ದು ಪದವಿಯಿಂದಲ್ಲ, ತಾಳಕ್ಕೆ ಸರಿಯಾಗಿ ಎದುರು ಬರುವ ಘನಗಳನ್ನು ಎರಡು ಕೈಗಳ ಕತ್ತಿಗಳಿಂದ ಕತ್ತರಿಸುವ ಬೀಟ್ ಸೇಬರ್ ಎಂಬ ವಿಆರ್ ಆಟಕ್ಕೆ ಹವ್ಯಾಸವಾಗಿ ಮಾಡುತ್ತಿದ್ದ ಮ್ಯಾಪುಗಳಿಂದ, ಅಂದರೆ ಹಾಡೊಂದಕ್ಕೆ ಘನಗಳನ್ನೂ ದೀಪಗಳನ್ನೂ ಜೋಡಿಸಿದ ಕಡತಗಳಿಂದ. 2018ರ ಮೇ ತಿಂಗಳಲ್ಲಿ ಆ ಆಟ ಬಂದ ಸ್ವಲ್ಪ ಕಾಲದಲ್ಲಿಯೇ ಆಟಗಾರರು ತಮ್ಮ ಮೆಚ್ಚಿನ ಹಾಡುಗಳನ್ನೂ ದೀಪಗಳನ್ನೂ ಅದರೊಳಗೆ ಸೇರಿಸಲು, ಆಟವನ್ನು ಮಾರ್ಪಡಿಸುವ ಚಿಕ್ಕ ಪ್ರೋಗ್ರಾಮುಗಳಾದ ಮಾಡ್‌ಗಳನ್ನು ಬರೆಯತೊಡಗಿದರು. ಅವುಗಳಲ್ಲಿ ಬಣ್ಣದ ವಿಷಯಕ್ಕೆ ಹೆಚ್ಚು ಬಳಕೆಯಾದದ್ದು ಕ್ರೋಮಾ. ನಮ್ಮ ಆಟದಲ್ಲಿಯೂ ಆಟಗಾರರೇ ಬಣ್ಣ ಬದಲಿಸಿಕೊಳ್ಳುವ ಸೌಲಭ್ಯವಿರಬೇಕೆಂದು ತಂಡ ತೀರ್ಮಾನಿಸಿದಾಗ, ಆ ಅನುಭವದ ಬಲದಿಂದ ಮಾದರಿ ಹಾಡೊಂದನ್ನು ಸಿದ್ಧಪಡಿಸುವ ಹೊಣೆ ನನಗೆ ಬಂತು.

ಕ್ರೋಮಾ ಕೆಲಸ ಮಾಡುವ ಬಗೆಯನ್ನು ಮೊದಲು ಹೇಳಬೇಕು. ಬೀಟ್ ಸೇಬರಿನ ಮ್ಯಾಪ್ ಎಂದರೆ ಕೇವಲ ಪಠ್ಯದ ಕಡತ. ಅದರಲ್ಲಿ ಪ್ರತಿಯೊಂದು ದೀಪದ ಘಟನೆಗೂ ಒಂದು ನಮೂದು ಇರುತ್ತದೆ: ಎಷ್ಟನೆಯ ಬೀಟಿನಲ್ಲಿ, ಯಾವ ಗುಂಪಿನ ದೀಪ, ಏನು ಮಾಡಬೇಕು. ಹಿಂಭಾಗದ ಲೇಸರ್, ಉಂಗುರಗಳು, ಎಡ ಮತ್ತು ಬಲದ ತಿರುಗುವ ಲೇಸರ್, ನಡುವಿನ ದೀಪ ಎಂಬ ಗುಂಪುಗಳಿಗೆ ಮೂಲ ಆಟ ಕೊಡಬಲ್ಲ ಆಜ್ಞೆಗಳು ಕೆಲವೇ: ಹೊತ್ತಿಕೊ, ಆರಿಹೋಗು, ಮಿಂಚು, ಮೆಲ್ಲಗೆ ಮಾಸು, ಅದೂ ಆಟದ ಹಿನ್ನೆಲೆಯ ಪರಿಸರಕ್ಕೆ ಗೊತ್ತುಮಾಡಿದ ಒಂದೆರಡು ಬಣ್ಣಗಳಲ್ಲಿ. ಕ್ರೋಮಾ ಅದೇ ನಮೂದಿನ ಒಳಗೆ ಕೆಂಪು, ಹಸಿರು, ನೀಲಿ, ಆಲ್ಫಾ (ದೀಪದ ತೀವ್ರತೆ) ಎಂಬ ನಾಲ್ಕು ಅಂಕಿಗಳನ್ನು ಹೆಚ್ಚುವರಿಯಾಗಿ ಓದುತ್ತದೆ. ಅಷ್ಟರಿಂದಲೇ ಯಾವ ಬೀಟಿನಲ್ಲಿ ಯಾವ ದೀಪಕ್ಕೆ ಬೇಕಾದರೂ ನಮಗೆ ಬೇಕಾದ ಬಣ್ಣ ಬರುತ್ತದೆ. ಮಾಡ್ ಇಲ್ಲದವರ ಆಟ ಆ ಅಂಕಿಗಳನ್ನು ಲೆಕ್ಕಿಸದೆ ಮುಂದೆ ಹೋಗುತ್ತದೆ. ಅದಕ್ಕಾಗಿಯೇ ಇಂಥ ಮ್ಯಾಪುಗಳಲ್ಲಿ ಕ್ರೋಮಾವನ್ನು ಸಾಮಾನ್ಯವಾಗಿ ಕಡ್ಡಾಯವೆಂದಲ್ಲ, ಸಲಹೆಯೆಂದು ನಮೂದಿಸುತ್ತಾರೆ. ಈ ಕ್ರಮ ನನಗೆ ಮೊದಲಿನಿಂದಲೂ ಮೆಚ್ಚುಗೆಯಾಗಿತ್ತು, ನಮ್ಮ ಆಟಕ್ಕೂ ಅದನ್ನೇ ತಂದೆ.

ತಪ್ಪಿದ್ದು ಬೇರೆ ಕಡೆ. ಮಾದರಿ ಹಾಡಿನ ವೇಗ ನಿಮಿಷಕ್ಕೆ 150 ಬೀಟ್. ಪಲ್ಲವಿಯ ಭಾಗದಲ್ಲಿ ಎಲ್ಲ ಲೇಸರುಗಳನ್ನೂ ಕಾಲು ಬೀಟಿಗೊಮ್ಮೆ ಕೆಂಪು, ನೀಲಿ, ಕೆಂಪು, ನೀಲಿ ಎಂದು ಬದಲಿಸಿದ್ದೆ. ಹಗಲು ಬೆಳಕಿರುವ ಕೋಣೆಯಲ್ಲಿ, ಮೇಜಿನ ಮೇಲಿನ ಮಾನಿಟರಿನ ಕಿಟಕಿಯೊಂದರಲ್ಲಿ ಅದು ತುಂಬ ಸೊಗಸಾಗಿ ಕಾಣುತ್ತಿತ್ತು. ಕಣ್ಣಿಗೆ ಕಟ್ಟಿಕೊಳ್ಳುವ ಪರದೆಯಾದ ಹೆಡ್‌ಸೆಟ್ ಹಾಕಿಕೊಂಡು ನೋಡುವುದನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ, ಗಡುವು ಬಂದಾಗ ಬಿಟ್ಟೇಬಿಟ್ಟೆ. ಪರೀಕ್ಷೆಗೆ ಕುಳಿತ ಹಿರಿಯ ಸಹೋದ್ಯೋಗಿ ಪಲ್ಲವಿ ಮುಗಿಯುವ ಮೊದಲೇ ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟು, "ಏನ್ರೀ ಇದು, ಕಣ್ಣು ಮುಚ್ಚಿದರೂ ಮಿಣುಕುತ್ತಲೇ ಇದೆ" ಎಂದರು. ಅರ್ಧ ಗಂಟೆ ಅವರಿಗೆ ತಲೆನೋವು ಇಳಿಯಲಿಲ್ಲ. ಅವರು ಬೈದಿದ್ದರೆ ನನಗೆ ಇನ್ನೂ ಹಗುರವೆನಿಸುತ್ತಿತ್ತು.

ಅಂದು ಸಂಜೆ ಲೆಕ್ಕ ಹಾಕಿದೆ. 150ರ ವೇಗದಲ್ಲಿ ಒಂದು ಬೀಟ್ ಎಂದರೆ 0.4 ಸೆಕೆಂಡು, ಕಾಲು ಬೀಟ್ ಎಂದರೆ 0.1 ಸೆಕೆಂಡು, ಹಾಗಾದರೆ ಸೆಕೆಂಡಿಗೆ 10 ಬದಲಾವಣೆ, ಏರಿಳಿತದ ಜೋಡಿಯನ್ನು ಒಂದು ಮಿಂಚೆಂದು ಎಣಿಸಿದರೆ 5 ಮಿಂಚು. ವೆಬ್ ಪುಟಗಳ ಸುಲಭ ಬಳಕೆಗಾಗಿ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಸೆಕೆಂಡಿಗೆ 3ಕ್ಕಿಂತ ಹೆಚ್ಚು ಮಿಂಚು ಬೇಡವೆನ್ನುತ್ತದೆ, ಗಾಢ ಕೆಂಪಿನ ಮಿಂಚನ್ನು ಪ್ರತ್ಯೇಕವಾಗಿಯೇ ಅಪಾಯಕಾರಿ ಎಂದು ಗುರುತಿಸುತ್ತದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ ಪೋಕೆಮಾನ್ ಸಂಚಿಕೆಯೊಂದರಲ್ಲಿ ಕೆಂಪು ಮತ್ತು ನೀಲಿ ಸೆಕೆಂಡಿಗೆ ಸುಮಾರು 12 ಬಾರಿ ಮಿಂಚಿ, ಸುಮಾರು 685 ಮಂದಿ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದ್ದರು. ನಾನು ಆರಿಸಿಕೊಂಡಿದ್ದ ಬಣ್ಣಗಳೂ ಅವೇ. ಟಿವಿಯಾದರೆ ಮುಖ ತಿರುಗಿಸಬಹುದು. ಹೆಡ್‌ಸೆಟ್ಟಿನಲ್ಲಿ ದೃಷ್ಟಿಯ ಬಹುಭಾಗವನ್ನು ಪರದೆಯೇ ಆವರಿಸಿಕೊಂಡಿರುತ್ತದೆ, ಎತ್ತ ತಿರುಗಿದರೂ ಅದೇ ಮಿಂಚು.

ಮಿಂಚನ್ನು ಅರ್ಧ ಬೀಟಿಗೆ ಇಳಿಸಿದಾಗ ಸೆಕೆಂಡಿಗೆ 2.5 ಆಯಿತು, ಮಿತಿಯೊಳಗೆ ಬಂತು. ಆದರೂ ಕೆಂಪನ್ನು ಹಾಗೆಯೇ ಬಿಡಲು ಮನಸ್ಸಾಗದೆ ಅದನ್ನು ಕಿತ್ತಳೆಯತ್ತ ಸರಿಸಿದೆ, ಪೂರ್ತಿ ಆರಿ ಹತ್ತುವ ಕಡೆಗಳಲ್ಲಿ ಮಾಸುವ ಆಜ್ಞೆಯನ್ನು ಹಾಕಿದೆ. ವಿಚಿತ್ರವೆಂದರೆ, ಪಲ್ಲವಿ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಬೀಟ್ ಸೇಬರಿನ ಸೆಟ್ಟಿಂಗುಗಳಲ್ಲಿ ಮಿಂಚನ್ನು ಸೋಸುವ ಆಯ್ಕೆಯೊಂದು ಇದೆ, ದೀಪದ ಪರಿಣಾಮಗಳನ್ನು ಪೂರ್ತಿ ನಿಲ್ಲಿಸುವ ಆಯ್ಕೆಯೂ ಇದೆ. ವರ್ಷಗಟ್ಟಲೆ ಆಡಿದರೂ ಅವನ್ನು ಒಮ್ಮೆಯೂ ಮುಟ್ಟಿರಲಿಲ್ಲ. ನಮ್ಮ ಆಟದಲ್ಲಿ ಅಂಥ ಸೋಸುವಿಕೆ ಮಾಡ್ ಕಡತದ ಬಣ್ಣಗಳಿಗೂ ಅನ್ವಯಿಸಬೇಕೆಂದು ಹಟ ಹಿಡಿದು ಬರೆಸಿದೆ.

ಎರಡನೆಯ ತೊಡಕು ಹೊಳಪಿನದು. ಮಾಡ್ ಮಾಡುವವರು ಬಣ್ಣವನ್ನು ಅಂಕಿಯಾಗಿ ನೋಡುತ್ತಾರೆ, ಕಣ್ಣು ಹಾಗೆ ನೋಡುವುದಿಲ್ಲ. ಬಿಳಿಯ ಹೊಳಪಿನಲ್ಲಿ ಹಸಿರಿನ ಪಾಲು ಸುಮಾರು ಶೇ 72, ಕೆಂಪಿನದು ಶೇ 21, ನೀಲಿಯದು ಕೇವಲ ಶೇ 7. ಹೀಗಾಗಿ ನೀಲಿಯನ್ನು ಪೂರ್ತಿ 1ಕ್ಕೆ ಏರಿಸಿದರೂ ಮಂಕಾಗಿಯೇ ಕಾಣುತ್ತದೆ, ಆಗ ಕೈ ತಾನಾಗಿ 2, 3 ಎಂದು ಏರಿಸುತ್ತ ಹೋಗುತ್ತದೆ. 1ರ ಆಚೆಗಿನ ಅಂಕಿಗಳನ್ನೂ ಕ್ರೋಮಾ ಒಪ್ಪಿಕೊಳ್ಳುತ್ತದೆ. ಬ್ಲೂಮ್, ಅಂದರೆ ದೀಪದ ಸುತ್ತ ಹರಡುವ ಕಾಂತಿ, ಆಗ ಹಾಲಿನಂಥ ಮಂಜಾಗಿ ಇಡೀ ದೃಶ್ಯವನ್ನು ಮುಚ್ಚುತ್ತದೆ. ನೀಲಿಗೆ ಚೂರು ಹಸಿರನ್ನು ಬೆರೆಸಿದರೆ ಸಾಕಾಗುವ ಕಡೆ ಇಡೀ ಅಂಕಿಯನ್ನು ಮೂರು ಪಟ್ಟು ಮಾಡುತ್ತಿದ್ದೆವು. ಅದರ ಮೇಲೆ, 90 ಹರ್ಟ್ಸಿನ, ಅಂದರೆ ಸೆಕೆಂಡಿಗೆ 90 ಚಿತ್ರ ತೋರಿಸುವ ಹೆಡ್‌ಸೆಟ್ಟಿನಲ್ಲಿ ಎರಡೂ ಕಣ್ಣುಗಳ ಚಿತ್ರ 11.1 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು; ಬ್ಲೂಮ್ ಆ ಸಮಯದಲ್ಲಿ ತನ್ನ ಪಾಲನ್ನು ಕೇಳದೆ ಬಿಡುವುದಿಲ್ಲ.

ಇನ್ನು ಕತ್ತರಿಸುವ ಘನಗಳ ಬಣ್ಣ. ಅಲ್ಲಿ ಬಣ್ಣವೆಂದರೆ ಅಲಂಕಾರವಲ್ಲ, ಸೂಚನೆ: ಬೀಟ್ ಸೇಬರಿನ ಮೂಲ ರೂಪದಲ್ಲಿ ಕೆಂಪು ಎಡಗೈಗೆ, ನೀಲಿ ಬಲಗೈಗೆ. ಕ್ರೋಮಾದಿಂದ ಪ್ರತಿ ಘನಕ್ಕೂ ಬೇರೆ ಬಣ್ಣ ಕೊಡಬಹುದು, ಮತ್ತು ಕೊಡಬಹುದೆಂಬ ಒಂದೇ ಕಾರಣಕ್ಕೆ ನಾನು ಹಾಡಿನ ನಡುವೆ ಎರಡನ್ನೂ ಮೆಲ್ಲಗೆ ನೇರಳೆಯತ್ತ ತಂದಿದ್ದೆ. ಆಡಿದವರೆಲ್ಲ ಅದೇ ಜಾಗದಲ್ಲಿ ತಪ್ಪಿದರು, ತಪ್ಪಿದ್ದು ತಾವೇ ಎಂದುಕೊಂಡರು. ಕೆಂಪು-ಹಸಿರು ಜೋಡಿಯನ್ನೂ ಘನಗಳ ಬಣ್ಣಗಳ ಪಟ್ಟಿಯಿಂದ ತೆಗೆದೆವು, ಏಕೆಂದರೆ ಬಣ್ಣಗುರುಡಿನಲ್ಲಿ ಹೆಚ್ಚು ಸಾಮಾನ್ಯವಾದದ್ದು ಅವೆರಡನ್ನು ಬೇರೆಮಾಡಲಾಗದಿರುವುದೇ. ಈಗ ಮಾಡ್ ಕಡತ ಘನಗಳ ಬಣ್ಣವನ್ನು ಬದಲಿಸಬಹುದು, ಆದರೆ ಎರಡು ಕೈಗಳ ಬಣ್ಣಗಳ ನಡುವೆ ಹೊಳಪಿನ ಅಂತರ ಒಂದು ಮಟ್ಟಕ್ಕಿಂತ ಕಡಿಮೆಯಾದರೆ ನಮ್ಮ ಆಟ ಮೂಲ ಬಣ್ಣಕ್ಕೇ ಮರಳುತ್ತದೆ.

ಮಿಂಚುಗಳನ್ನು ಎಣಿಸಲು ಚಿಕ್ಕ ಪ್ರೋಗ್ರಾಮೊಂದನ್ನೂ ಬರೆದುಕೊಂಡಿದ್ದೇನೆ. ಹಾಡಿನ ವೇಗ ಮತ್ತು ದೀಪಗಳ ನಮೂದುಗಳನ್ನು ಓದಿ, ಮಿತಿ ಮೀರಿದ ಬೀಟುಗಳನ್ನು ಅದು ತೋರಿಸುತ್ತದೆ. ಅದು ಹಿಡಿಯಲಾರದ್ದು ಕತ್ತಲೆ. 2019ರ ಕ್ವೆಸ್ಟ್ ಹೆಡ್‌ಸೆಟ್ಟಿನ ಓಎಲ್‌ಇಡಿ ಪರದೆಯಲ್ಲಿ ಪ್ರತಿ ಚುಕ್ಕೆಯೂ ತಾನೇ ಉರಿದು ಆರುವುದರಿಂದ ಕಪ್ಪು ಕಪ್ಪಾಗಿಯೇ ಇರುತ್ತದೆ, ಮರುವರ್ಷ ಬಂದ ಕ್ವೆಸ್ಟ್ 2ರ ಎಲ್‌ಸಿಡಿ ಪರದೆಯಲ್ಲಿ ಹಿಂದಿನ ಬೆಳಕು ಉರಿಯುತ್ತಲೇ ಇರುವುದರಿಂದ ಅದೇ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ. ಹಾಡಿನ ಆರಂಭದಲ್ಲಿ ಒಂದೇ ಒಂದು ಕಡುನೀಲಿ ಲೇಸರ್ ಉರಿಯುವ ಎಂಟು ಬೀಟುಗಳಿವೆ. ಮೊದಲನೆಯದರಲ್ಲಿ ಅದು ಉಸಿರು ಹಿಡಿಸುತ್ತದೆ, ಎರಡನೆಯದರಲ್ಲಿ ಯಾರೋ ದೀಪ ಹಚ್ಚಲು ಮರೆತಂತೆ ಕಾಣುತ್ತದೆ. ಎರಡಕ್ಕೂ ಹೊಂದುವ ಅಂಕಿಯನ್ನು ಈ ವಾರವೂ ಹುಡುಕುತ್ತಿದ್ದೇನೆ, ಈ ಸಲ ಹೆಡ್‌ಸೆಟ್ ಹಾಕಿಕೊಂಡೇ.