ಒಳ್ಳೆ ಪಾಸ್ಟರನ್ನ ಗುರುತು ಹಿಡಿಯೋದು ಹೆಂಗೆ?

ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು ಕಡೆಯ ಕ್ರೈಸ್ತ ಸಭೆಗಳವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನಮ್ ಸಭೆಗೆ ಒಬ್ರು ಒಳ್ಳೆ ಪಾಸ್ಟರ್ ಬೇಕಾಗೇತ್ರೀ, ಏನ್ ನೋಡಿ ಆರಿಸ್ಬೇಕು?" ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳಿಗೆ ಬಿಷಪ್ಪರೇ ಸಭಾಪಾಲಕರನ್ನು ನೇಮಿಸಿ ಕಳಿಸುತ್ತಾರೆ, ವರ್ಗ ಮಾಡುತ್ತಾರೆ. ಕಥೋಲಿಕರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯದಿಂದ ಫಾದರ್ ಬರುತ್ತಾರೆ. ಪ್ರಶ್ನೆ ಹೆಚ್ಚಾಗಿ ಬರುವುದು ಸ್ವತಂತ್ರ ಸಭೆಗಳಿಂದ. ಅಲ್ಲಿ ಆರಿಸುವವರೂ ವಿಶ್ವಾಸಿಗಳೇ, ಆಯ್ಕೆ ತಪ್ಪಿದರೆ ಅನುಭವಿಸುವವರೂ ಅವರೇ.

ನೇರವಾಗಿ ಹೇಳುತ್ತೇನೆ. ತಾನು ಮಾಡುವುದನ್ನು ನಾಲ್ಕು ಜನ ನೋಡಲಿ, ಕೇಳಲಿ ಎಂದು ತಾನಾಗಿಯೇ ವ್ಯವಸ್ಥೆ ಮಾಡಿಕೊಳ್ಳುವವರು ಒಳ್ಳೆಯ ಪಾಸ್ಟರ್. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಬೈಬಲಿನ 1 ತಿಮೊಥೆಯ 3ನೇ ಅಧ್ಯಾಯ ತೆಗೆದು ಓದಿ. ಸಭಾಧ್ಯಕ್ಷನಿಗೆ, ಅಂದರೆ ಸಭೆಯನ್ನು ನೋಡಿಕೊಳ್ಳುವವನಿಗೆ, ಇರಬೇಕಾದ ಸುಮಾರು ಹದಿನೈದು ಗುಣಗಳು ಅಲ್ಲಿವೆ. ಕುಡುಕನಾಗಿರಬಾರದು, ಹೊಡೆದಾಡುವವನಾಗಿರಬಾರದು, ಹಣದಾಸೆ ಇರಬಾರದು, ಮನೆಗೆ ಬಂದವರನ್ನು ಸತ್ಕರಿಸಬೇಕು, ಸ್ವಂತ ಮನೆಯನ್ನು ಚೆನ್ನಾಗಿ ನಡೆಸಬೇಕು, ಹೊಸದಾಗಿ ಸಭೆಗೆ ಸೇರಿದವನಾಗಿರಬಾರದು, ಹೊರಗಿನವರಿಂದಲೂ ಒಳ್ಳೆಯವನು ಅನ್ನಿಸಿಕೊಂಡಿರಬೇಕು. ಅಷ್ಟರಲ್ಲಿ ಕಲಿತು ಬರುವ ವಿದ್ಯೆ ಎನ್ನಬಹುದಾದದ್ದು ಒಂದೇ, ಬೋಧಿಸುವ ಸಾಮರ್ಥ್ಯ. ಮಿಕ್ಕಿದ್ದೆಲ್ಲ ನಡತೆ. ನಾವು ಮಾಡುವುದು ತಿರುಗಾಮುರುಗಾ. ಒಂದು ಭಾನುವಾರ ಕರೆಸಿ ಪ್ರಸಂಗ ಕೇಳುತ್ತೇವೆ, ಹಾಡು ಕೇಳುತ್ತೇವೆ, ಕಂಠ ಚೆನ್ನಾಗಿದ್ದರೆ ಮುಗಿಯಿತು.

ಮೊದಲು ದುಡ್ಡಿನ ವಿಷಯ, ಸಭೆಗಳು ಹೆಚ್ಚಾಗಿ ಒಡೆಯುವುದು ಅಲ್ಲೇ. ಆರಾಧನೆ ಮುಗಿದ ಮೇಲೆ ಕಾಣಿಕೆ ಚೀಲ ಎಲ್ಲಿಗೆ ಹೋಗುತ್ತದೆ ನೋಡಿ. ಪಾಸ್ಟರ ಕೋಣೆಗೋ ಮನೆಗೋ ಹೋದರೆ, ಅವರು ಎಷ್ಟೇ ಪ್ರಾಮಾಣಿಕರಿರಲಿ, ಆ ಪದ್ಧತಿ ಕೆಟ್ಟದ್ದು. ಸರಿಯಾದ ಕ್ರಮದಲ್ಲಿ ಜನ ಇನ್ನೂ ಅಲ್ಲೇ ಇರುವಾಗ ಮೇಜಿನ ಮೇಲೆ ಚೀಲ ಸುರಿಯಬೇಕು. ಒಬ್ಬರಿಗೊಬ್ಬರು ಸಂಬಂಧಿಕರಲ್ಲದ, ಪಾಸ್ಟರ ಮನೆಯವರೂ ಅಲ್ಲದ ಇಬ್ಬರು ಕೂತು ಎಣಿಸಬೇಕು. ಐನೂರರ ನೋಟು ಎಷ್ಟು, ಇನ್ನೂರರದು ಎಷ್ಟು, ನೂರರದು ಎಷ್ಟು, ಚಿಲ್ಲರೆ ಎಷ್ಟು ಎಂದು ಪುಟ ಸಂಖ್ಯೆ ಇರುವ ಪುಸ್ತಕದಲ್ಲಿ ಪೆನ್ನಿನಿಂದ ಬರೆಯಬೇಕು. ದಶಮಾಂಶದ (ಆದಾಯದ ಹತ್ತನೇ ಒಂದು ಪಾಲಿನ) ಕವರುಗಳನ್ನು ಬೇರೆ ಇಟ್ಟು, ಹೆಸರು ಮತ್ತು ಮೊತ್ತ ಬರೆದುಕೊಳ್ಳಬೇಕು. ಇಬ್ಬರೂ ಸಹಿ ಹಾಕಬೇಕು. ಸೋಮವಾರ ಪೂರ್ತಿ ಮೊತ್ತ ಬ್ಯಾಂಕಿಗೆ ಹೋಗಬೇಕು. "ಹೆಂಗೂ ಖರ್ಚಿಗೆ ಬೇಕಲ್ಲ" ಎಂದು ಅದರಲ್ಲೇ ಕರೆಂಟ್ ಬಿಲ್ಲು, ಮೈಕ್ ರಿಪೇರಿ ಮುಗಿಸಿದರೆ ಆದಾಯ ಎಷ್ಟೆಂಬುದಕ್ಕೆ ಆಧಾರವೇ ಉಳಿಯುವುದಿಲ್ಲ. ಹಣ ಬ್ಯಾಂಕಿಗೆ ಹೋಗಲಿ, ಖರ್ಚಿಗೆ ಅಲ್ಲಿಂದಲೇ ತೆಗೆಯಲಿ, ತೆಗೆಯಲು ಇಬ್ಬರ ಸಹಿ ಇರಲಿ. ತಿಂಗಳ ಲೆಕ್ಕ ನೋಟಿಸ್ ಬೋರ್ಡಿನಲ್ಲಿ ಕಾಣಲಿ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ನೋಡಿ. ಮೊಬೈಲಿನಲ್ಲಿ ಬರುವ ಹೆಸರು ಸಭೆಯದ್ದಾಗಿರಬೇಕು. ಪಾಸ್ಟರದ್ದೋ ಪಾಸ್ಟರಮ್ಮನದ್ದೋ ಬಂದರೆ ಅವತ್ತೇ ಕೇಳಬೇಕು.

ಇದನ್ನು ಅಪನಂಬಿಕೆ ಎಂದು ನೊಂದುಕೊಳ್ಳುವವರು 2 ಕೊರಿಂಥ 8:20-21 ಓದಲಿ. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಿರಲಿ ಎಂದು ಅಪೊಸ್ತಲ ಪೌಲನು ಸಭೆಗಳಿಂದ ಆರಿಸಲ್ಪಟ್ಟವರನ್ನು ಜೊತೆಗೆ ಸೇರಿಸಿಕೊಂಡ. ಕರ್ತನ ಮುಂದೆ ಸರಿಯಿದ್ದರೆ ಸಾಲದು, ಮನುಷ್ಯರ ಮುಂದೆಯೂ ಸರಿಯಿರಬೇಕು ಎಂದು ಬರೆದ. ಅಪೊಸ್ತಲನಿಗೇ ಬೇಕಾದ ಕಾವಲು ನಮ್ಮೂರ ಪಾಸ್ಟರಿಗೆ ಹೇಗೆ ಬೇಡವಾಗುತ್ತದೆ?

ಇನ್ನು ಜಾಗದ ವಿಷಯ. ವಿಶ್ವಾಸಿಗಳು ಕಿವಿಯೋಲೆ ಮಾರಿ, ಕೂಲಿ ದುಡ್ಡು ಕೂಡಿಸಿ ಒಂದು ಸೈಟು ಕೊಳ್ಳುತ್ತಾರೆ. ಸಂಘದ ನೋಂದಣಿ ಆಗಿಲ್ಲವೆಂದು ಸದ್ಯಕ್ಕೆ ಪಾಸ್ಟರ ಹೆಸರಿಗೇ ಬರೆಸುತ್ತಾರೆ. ಆ "ಸದ್ಯಕ್ಕೆ" ಇಪ್ಪತ್ತು ವರ್ಷವಾಗುತ್ತದೆ. ಉಯಿಲು ಬರೆಯದೆ ಪಾಸ್ಟರ್ ತೀರಿಕೊಂಡರೆ ಅವರ ಹೆಸರಿನಲ್ಲಿರುವ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹಂಚಿಕೆಯಾಗುತ್ತದೆ. ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ. ವಾರಸುದಾರರ ಪಟ್ಟಿಯಲ್ಲಿ ಸಭೆಯ ಹೆಸರು ಇರುವುದಿಲ್ಲ. ಆಮೇಲೆ ಕೋರ್ಟು. ಒಳ್ಳೆಯ ಪಾಸ್ಟರ್ "ನನ್ನ ಹೆಸರಿಗೆ ಬೇಡ" ಎಂದು ತಾವೇ ಮೊದಲು ಹೇಳುತ್ತಾರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವನ್ನೋ, ಇಲ್ಲವೇ ಒಂದು ಟ್ರಸ್ಟನ್ನೋ ಮೊದಲು ನೋಂದಾಯಿಸಿ, ಅದರ ಹೆಸರಿಗೆ ಪ್ಯಾನ್ ಮಾಡಿಸಿ, ಆಮೇಲೆ ಸೈಟಿಗೆ ಮುಂಗಡ ಕೊಡಿಸುತ್ತಾರೆ. ಹೆಂಡತಿ, ಮಗ, ಅಳಿಯನನ್ನೇ ಪದಾಧಿಕಾರಿಗಳನ್ನಾಗಿ ತುಂಬಿದ ಟ್ರಸ್ಟು ಇದ್ದೂ ಇಲ್ಲದಂತೆ. ಹೊರದೇಶದಿಂದ ಯಾರಾದರೂ ಸಭೆಗೆ ಹಣ ಕಳಿಸುತ್ತೇನೆಂದರೆ ಅದನ್ನು ಪಾಸ್ಟರ ಸ್ವಂತ ಖಾತೆಗೆ ಹಾಕಿಸಿಕೊಳ್ಳುವಂತಿಲ್ಲ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು, ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಬರಬೇಕು.

ಎರಡನೆಯದು ಮನೆ ಭೇಟಿ. ಲೆಕ್ಕ ಹಾಕಿ ನೋಡಿ. ಸಭೆಯಲ್ಲಿ ಅರವತ್ತು ಮನೆ ಇದ್ದರೆ, ವಾರಕ್ಕೆ ಮೂರು ಸಂಜೆ, ಸಂಜೆಗೆ ಎರಡು ಮನೆಯಂತೆ ಹತ್ತು ವಾರಕ್ಕೆ ಒಂದು ಸುತ್ತು. ಶ್ರಮೆಯ ಕಾಲ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು), ಕ್ರಿಸ್ಮಸ್ ಗಡಿಬಿಡಿ ಕಳೆದರೂ ವರ್ಷಕ್ಕೆ ನಾಲ್ಕು ಸಲ ಪ್ರತಿ ಮನೆ ಬಾಗಿಲು ತಟ್ಟಬಹುದು. ಎಷ್ಟೋ ಮನೆಗಳಿಗೆ ವರ್ಷಕ್ಕೊಮ್ಮೆಯೂ ಯಾರೂ ಹೋಗುವುದಿಲ್ಲ. ಒಳ್ಳೆ ಕಾಣಿಕೆ ಕೊಡುವ, ಸೋಫಾ ಇರುವ ಹತ್ತು ಮನೆಗಳಿಗೇ ಪಾಸ್ಟರ ಗಾಡಿ ತಿರುಗುವುದು ಇದಕ್ಕೆ ಕಾರಣ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ಪಾಳಿಯ ಮೇಲೆ ಫ್ಯಾಕ್ಟರಿಗೆ ಹೋಗುವವರು, ಚಳ್ಳಕೆರೆ ಕಡೆ ಶೇಂಗಾ ಕೀಳುವ ಕಾಲದಲ್ಲಿ ಕತ್ತಲಾದ ಮೇಲೆ ಮನೆ ಸೇರುವವರು ಹಗಲು ಹನ್ನೊಂದಕ್ಕೆ ಸಿಗುವುದಿಲ್ಲ. ಅವರ ಹೊತ್ತಿಗೆ ಪಾಸ್ಟರ್ ಹೋಗಬೇಕು. ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋದ ತಾಂಡಾದ ಮನೆಯವರ ಫೋನ್ ನಂಬರ್ ಇಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ಮಾತಾಡಿಸಬೇಕು. ಯೆಹೆಜ್ಕೇಲ 34ರಲ್ಲಿ ದೇವರು ಕುರುಬರ ಮೇಲೆ ಹೊರಿಸುವ ತಪ್ಪು ಇದೇ: ಕೊಬ್ಬಿದ ಕುರಿ ತಿಂದಿರಿ, ಚದರಿದ್ದನ್ನು ಹುಡುಕಲಿಲ್ಲ.

ಭೇಟಿ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಊಟದ ಹೊತ್ತಿಗೆ ಸರಿಯಾಗಿ ಹೋಗಬಾರದು. ಬಡ ಮನೆಯವರು ಸಾಲ ಮಾಡಿಯಾದರೂ ಕೋಳಿ ತರುತ್ತಾರೆ. ಮೊದಲು ಅವರ ಮಾತು ಕೇಳಿ, ಆಮೇಲೆ ನಾಲ್ಕೈದು ವಚನ ಓದಿ, ಅವರು ಹೇಳಿದ್ದಕ್ಕೇ ಪ್ರಾರ್ಥನೆ ಮಾಡಿದರೆ ಸಾಕು, ಅಲ್ಲಿ ಇನ್ನೊಂದು ಪ್ರಸಂಗ ಬೇಡ. ಹೆಂಗಸೊಬ್ಬರೇ ಇರುವ ಮನೆಗೆ ಒಬ್ಬರೇ ಹೋಗಬಾರದು. ಪಾಸ್ಟರಮ್ಮನನ್ನೋ ಹಿರಿಯರೊಬ್ಬರನ್ನೋ ಕರೆದುಕೊಂಡು ಹೋಗಬೇಕು, ಬಾಗಿಲು ತೆರೆದಿರಬೇಕು. ರಾತ್ರಿ ಹೊತ್ತು ಯುವತಿಯರ ಜೊತೆ ಸಲಹೆಯ ಹೆಸರಿನಲ್ಲಿ ವಾಟ್ಸಾಪ್ ಮಾತು ಕೂಡದು. ವಯಸ್ಸಾದ ಹೆಂಗಸರನ್ನು ತಾಯಂದಿರಂತೆ, ಯೌವನದವರನ್ನು ಅಕ್ಕತಂಗಿಯರಂತೆ ನೋಡು ಎಂದು ಪೌಲ ತಿಮೊಥೆಯನಿಗೆ ಬರೆದದ್ದು ಇದಕ್ಕೇ.

ಒಂದು ಮನೆಯಲ್ಲಿ ಕೇಳಿದ ಗುಟ್ಟು ಇನ್ನೊಂದು ಮನೆಯಲ್ಲಿ ಪ್ರಾರ್ಥನಾ ವಿಷಯವಾಗಿ ಹೊರಗೆ ಬರಬಾರದು. "ಪಾಪ, ಅವರ ಮಗಳಿಗಾಗಿ ಪ್ರಾರ್ಥನೆ ಮಾಡ್ರಿ" ಎಂದಷ್ಟೇ ಹೇಳಿದರೂ ಊರಿಗೆಲ್ಲ ತಿಳಿಯುತ್ತದೆ. ಹೀಗೆ ಮಾನ ಹೋದ ಮನೆಯವರು ಮತ್ತೆ ಸಭೆಗೆ ಬರುವುದಿಲ್ಲ, ಯಾಕೆ ಬರಲಿಲ್ಲವೆಂದೂ ಯಾರಿಗೂ ಹೇಳುವುದಿಲ್ಲ.

ರೋಗಿಗಳ ವಿಷಯದಲ್ಲಿ ನನಗೆ ತುಂಬಾ ಕಳಕಳಿ ಇದೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ವಾರ್ಡಿಗೆ ಪಾಸ್ಟರ್ ಹೋದರೆನ್ನಿ. ಭೇಟಿಯ ಸಮಯದಲ್ಲೇ ಹೋಗಬೇಕು, ಒಳಗೆ ಹೋಗುವ ಮುಂಚೆ ಮತ್ತು ಹೊರಗೆ ಬಂದ ಮೇಲೆ ಕೈ ತೊಳೆಯಬೇಕು. ಮಂಚದ ಮೇಲೆ ಕೂರದೆ, ರೋಗಿಗೆ ಕತ್ತು ತಿರುಗಿಸದೆ ಮುಖ ಕಾಣುವ ಕಡೆ ನಿಲ್ಲಬೇಕು. ಪಕ್ಕದ ಮಂಚದವರೂ ನರಳುತ್ತಿರುತ್ತಾರೆ, ಅವರ ಧರ್ಮ ಬೇರೆಯಿರಬಹುದು, ದನಿ ರೋಗಿಯ ಕಿವಿಗೆ ತಲುಪಿದರೆ ಸಾಕು. ಹತ್ತು ನಿಮಿಷ ಸಾಕು. ನಿಜವಾದ ಕೆಲಸ ಆಮೇಲೆ ಹೊರಗಿನ ಬೆಂಚಿನಲ್ಲಿದೆ: ರಾತ್ರಿ ಜೊತೆಗೆ ಯಾರಿರುತ್ತಾರೆ, ಮನೆಯಲ್ಲಿ ಮಕ್ಕಳಿಗೆ ಅಡಿಗೆ ಯಾರು ಮಾಡುತ್ತಾರೆ, ರಕ್ತ ಬೇಕಾ, ಬಿಪಿಎಲ್ ಕಾರ್ಡು ತಂದಿದ್ದಾರಾ ಎಂದು ಮನೆಯವರನ್ನು ವಿಚಾರಿಸುವುದು.

"ನಂಬಿಕೆ ಇದ್ದರೆ ಮಾತ್ರೆ ಬಿಡು" ಎನ್ನುವ ಪಾಸ್ಟರನ್ನು ಸಭೆ ಒಂದು ದಿನವೂ ಇಟ್ಟುಕೊಳ್ಳಬಾರದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆ. ಎರಡು ತಿಂಗಳಿಗೆ ಕೆಮ್ಮು ನಿಂತಾಗ ವಾಸಿಯಾಯಿತೆಂದು ಸಾಕ್ಷಿ ಹೇಳಿಸಿ ಬಿಡಿಸಿದರೆ, ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗಬಹುದು, ಮನೆಯವರಿಗೂ ಹರಡುತ್ತವೆ. ಫಿಟ್ಸ್ ಮಾತ್ರೆ ದಿಢೀರನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಇನ್ಸುಲಿನ್ ಬೇಕೇ ಬೇಕಾದ ಮಗುವಿಗೆ ಅದನ್ನು ತಪ್ಪಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ಪ್ರಾರ್ಥನೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಯಾಕೋಬ 5:14ರಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲು ಕರೆಸಬೇಕಾದದ್ದು ಸಭೆಯ ಹಿರಿಯರನ್ನು, ವರ ಪಡೆದೆನೆಂಬ ಒಬ್ಬರನ್ನಲ್ಲ. ಪೌಲನ ಜೊತೆಗಾರ ಲೂಕ ವೈದ್ಯ. ತಿಮೊಥೆಯನ ಹೊಟ್ಟೆನೋವಿಗೆ ಪೌಲ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದ, ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ತ್ರೊಫಿಮನಿಗೆ ನಂಬಿಕೆ ಕಡಿಮೆಯಿತ್ತೆಂದು ಎಲ್ಲೂ ಬರೆಯಲಿಲ್ಲ. ಮನಸ್ಸಿನ ಕಾಯಿಲೆಯನ್ನು ದೆವ್ವವೆಂದು ಹೊಡೆದು ಬಡಿದು ಬಿಡಿಸುವ ಬದಲು ಡಾಕ್ಟರ ಬಳಿ ಕಳಿಸಬೇಕು. ಸಾಯುವ ಮಾತಾಡುವವರಿಗೆ ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ನಂಬರ್ 14416 ಕೊಟ್ಟು, ಅವತ್ತು ರಾತ್ರಿ ಒಬ್ಬರೇ ಇರದಂತೆ ನೋಡಿಕೊಳ್ಳಬೇಕು.

ಮದುವೆ ಮಾಡಿಸುವುದಕ್ಕೆ ಪಾಸ್ಟರ್ ಎಂಬ ಹೆಸರು ಸಾಲದು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಹೇಳುವ ಅಧಿಕಾರ ಅಥವಾ ಲೈಸೆನ್ಸ್ ಬೇಕು. ಇಲ್ಲದೆ ಮಾಡಿಸಿದರೆ ಹತ್ತು ವರ್ಷದವರೆಗೆ ಜೈಲಾಗಬಹುದು. ಅದಕ್ಕಿಂತ ಹೆಚ್ಚಾಗಿ, ಆ ದಂಪತಿಯ ಮದುವೆಯೇ ಪ್ರಶ್ನೆಯಾಗಿ ನಾಳೆ ಪಿಂಚಣಿಗೆ, ಪಾಸ್‌ಪೋರ್ಟಿಗೆ ಅಲೆಯುತ್ತಾರೆ. ಪಾಸ್ಟರನ್ನು ಆರಿಸುವಾಗಲೇ ಲೈಸೆನ್ಸ್ ಪ್ರತಿ ಕೇಳಿ. ಹುಡುಗನಿಗೆ 21, ಹುಡುಗಿಗೆ 18 ತುಂಬಿದ್ದನ್ನು ಜನನ ಪ್ರಮಾಣಪತ್ರದಲ್ಲೋ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೋ ನೋಡಬೇಕು, ಆಧಾರ್ ಒಂದನ್ನೇ ನಂಬಬಾರದು. "ಎರಡೇ ತಿಂಗಳು ಕಮ್ಮಿ, ಕಣ್ ಮುಚ್ಚಿ ಮಾಡ್ಸ್ರಿ ಪಾಸ್ಟ್ರೇ" ಎಂದು ದೊಡ್ಡವರು ಬಂದು ಕೂತಾಗಲೇ ಪಾಸ್ಟರ ಗಟ್ಟಿತನ ಗೊತ್ತಾಗುವುದು. ಬಾಲ್ಯವಿವಾಹ ಮಾಡಿಸಿದವರಿಗೆ 2006ರ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಸಂಡೇ ಸ್ಕೂಲಿನಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು. ಮಗುವಿಗೆ ಲೈಂಗಿಕ ಕಿರುಕುಳವಾದದ್ದು ತಿಳಿದರೆ ಸಭೆಯ ಮಾನ ಎಂದು ಒಳಗೇ ಪಂಚಾಯಿತಿ ಮಾಡಿ ಮುಗಿಸುವಂತಿಲ್ಲ. ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. 1098ಕ್ಕೆ ಫೋನ್ ಮಾಡಿದರೆ ಮಕ್ಕಳ ಸಹಾಯವಾಣಿಯವರು ಸಿಗುತ್ತಾರೆ.

ಸಾವಾದ ಮನೆಗೆ ಸುದ್ದಿ ಬಂದ ತಕ್ಷಣ ಹೋಗಬೇಕು, ಮಾತು ಕಡಿಮೆ ಇರಬೇಕು. ಗುಂಡಿ, ಪೆಟ್ಟಿಗೆ, ಸಮಾಧಿ ಸ್ಥಳದ ಅನುಮತಿಯನ್ನು ಹಿರಿಯರಿಗೆ ಹಂಚಿ ಮನೆಯವರ ತಲೆಯಿಂದ ಇಳಿಸಬೇಕು. ವಿಷ, ನೇಣು, ಅಪಘಾತ, ಸುಟ್ಟ ಗಾಯದ ಸಾವಾದರೆ ಪೊಲೀಸರಿಗೆ ತಿಳಿಸದೆ ಹೂಳಿಸಬಾರದು. 21 ದಿನದೊಳಗೆ ಮರಣ ನೋಂದಣಿ ಮಾಡಿಸಲು ನೆನಪಿಸಬೇಕು, ದುಃಖದಲ್ಲಿ ಅದು ಮರೆತೇ ಹೋಗುತ್ತದೆ.

ಪ್ರಸಂಗದ ಬಗ್ಗೆ ಎಲ್ಲರೂ ಮಾತಾಡುವುದರಿಂದ ಸ್ವಲ್ಪವೇ ಹೇಳುತ್ತೇನೆ. ಅರ್ಧ ಗಂಟೆಯ ಪ್ರಸಂಗಕ್ಕೆ ವಾರದಲ್ಲಿ ಎಂಟು ಗಂಟೆಯಾದರೂ ತಯಾರಿ ಬೇಕು. ಶನಿವಾರ ರಾತ್ರಿ ಯೂಟ್ಯೂಬ್ ನೋಡಿ ಬಂದವರು ಒಂದು ವಚನ ಓದಿ ಹತ್ತು ಕಡೆ ಹಾರುತ್ತಾರೆ. ಸಭೆಯಲ್ಲಿ ಓದು ಬಾರದ ಅಜ್ಜಿ ಮನೆಗೆ ಹೋಗಿ ಮೊಮ್ಮಗನಿಗೆ ಹೇಳುವಷ್ಟು ತಿಳಿಯಾಗಿದ್ದರೆ ಅದು ಒಳ್ಳೆಯ ಪ್ರಸಂಗ. ತಗಡಿನ ಶೀಟಿನ ಕೆಳಗೆ ದೊಡ್ಡ ಸ್ಪೀಕರ್ ಇಟ್ಟು ಕೂಗಿದರೆ ಒಳಗಿನವರಿಗೆ ಮಾತು ತಿಳಿಯುವುದಿಲ್ಲ, ಓಣಿಯವರಿಗೆ ನಿದ್ದೆ ಇರುವುದಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45, ಹತ್ತರ ಮೇಲೆ ಬೆಳಗಿನ ಆರರವರೆಗೆ ಧ್ವನಿವರ್ಧಕವೇ ಇಲ್ಲ ಎಂಬುದು ನಿಯಮ. ಹೊರಗಿನವರಿಂದ ಒಳ್ಳೆಯ ಸಾಕ್ಷಿ ಎಂದರೆ ಇದೂ ಸೇರಿತು. ಹಸಿದವರಿಗೆ ಅಕ್ಕಿ ಕೊಟ್ಟು ಅದಕ್ಕೆ ಬದಲಾಗಿ ಆರಾಧನೆಗೆ ಬನ್ನಿ ಎನ್ನದಿರುವುದೂ ಸೇರಿತು.

ಹಾಗಾದರೆ ಆರಿಸುವ ಮುಂಚೆ ಏನು ಮಾಡಬೇಕು? ಅವರು ಹಿಂದೆ ಇದ್ದ ಎರಡು ಸಭೆಗಳಿಗೆ ನೀವೇ ಹೋಗಿ ಬನ್ನಿ. ಹೊಗಳುವವರ ಜೊತೆಗೆ, ಅವರ ಕಾಲದಲ್ಲಿ ಸಭೆ ಬಿಟ್ಟವರ ಹತ್ತಿರವೂ ಕೂತು ಮಾತಾಡಿ. ಮನೆ ಮಾಲೀಕರನ್ನು, ಕಿರಾಣಿ ಅಂಗಡಿಯವರನ್ನು ಕೇಳಿ, ಬಾಕಿ ಹೇಗೆ ತೀರಿಸುತ್ತಾರೆ ಅವರಿಗೆ ಗೊತ್ತಿರುತ್ತದೆ. ಹೆಂಡತಿ ಮಕ್ಕಳು ಅವರ ಎದುರು ಸಲೀಸಾಗಿ ಮಾತಾಡುತ್ತಾರಾ ನೋಡಿ. ಅವಸರದಿಂದ ಯಾರ ತಲೆಯ ಮೇಲೂ ಕೈಯಿಡಬೇಡ, ಅಂದರೆ ಸೇವೆಗೆ ನೇಮಿಸಬೇಡ, ಎಂಬ ಮಾತು ಬೈಬಲಿನಲ್ಲಿದೆ, ಒಂದು ವರ್ಷ ನೋಡಿ ಆಮೇಲೆ ಕಾಯಂ ಮಾಡಿ. ಮುಂದೆ ದೂರು ಬಂದರೆ 1 ತಿಮೊಥೆಯ 5:19ರಂತೆ ಎರಡು ಮೂರು ಸಾಕ್ಷಿಗಳಿಂದ ವಿಚಾರಿಸಿ. ಗಾಳಿಮಾತಿಗೆ ಪಾಸ್ಟರನ್ನು ಓಡಿಸುವುದೂ ತಪ್ಪು, ಸಾಕ್ಷಿ ಇದ್ದೂ ಮುಚ್ಚಿಹಾಕುವುದೂ ತಪ್ಪು. ಅಂಥ ದಿನ ಯಾರು ವಿಚಾರಿಸಬೇಕೆಂಬುದನ್ನು ಅವರು ಬರುವ ಮೊದಲೇ ಬರೆದಿಡಿ.

ಸಂಬಳವನ್ನೂ ಬರೆದಿಡಿ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದೆಂದು ಓದಿ, ಪಾಸ್ಟರಿಗೆ ಮಾತ್ರ "ದೇವರು ನೋಡಿಕೊಳ್ತಾನೆ" ಎನ್ನುವ ಸಭೆಗಳು ಬೇಕಾದಷ್ಟಿವೆ. ನಮ್ಮೂರಿನಲ್ಲಿ ಒಂದು ಸಂಸಾರಕ್ಕೆ ಬಾಡಿಗೆ, ರೇಷನ್, ಮಕ್ಕಳ ಫೀಸು, ಪೆಟ್ರೋಲ್ ಎಷ್ಟಾಗುತ್ತದೆಂದು ಹಿರಿಯರು ಕೂತು ಕೂಡಿಸಿ, ಆ ಮೊತ್ತವನ್ನು ಪ್ರತಿ ತಿಂಗಳು ಒಂದೇ ತಾರೀಕಿಗೆ ಖಾತೆಗೆ ಹಾಕಬೇಕು. ವಾರಕ್ಕೊಂದು ದಿನ ರಜೆ ಕೊಡಬೇಕು, ಸಾವು ಅಥವಾ ಆಸ್ಪತ್ರೆಯ ವಿಷಯ ಬಿಟ್ಟರೆ ಅವತ್ತು ಫೋನ್ ಮಾಡಬಾರದು. ಸಂಬಳ ನಿಗದಿಯಾದ ಮೇಲೆ ಮನೆಪ್ರಾರ್ಥನೆಗೆ, ದೀಕ್ಷಾಸ್ನಾನಕ್ಕೆ, ಮದುವೆಗೆ ಕೈಗೆ ಕೊಡುವ ಕವರು ಕೂಡ ಸಭೆಯ ಪುಸ್ತಕಕ್ಕೇ ಹೋಗಲಿ, ರಸೀದಿ ಕೊಡಿ.