ಒಂದು ಗೋಡೆ, ಎರಡು ಪ್ಲೇಟು

ನಮ್ಮ ಆಫೀಸಿನ ಎಕ್ಸೆಲ್ ಟೆಂಪ್ಲೇಟಿನಲ್ಲಿ ಎಚ್ ಕಾಲಂಗೆ ‘ಡಿಸ್ಕ್ ಎಷ್ಟು?’ ಅಂತ ಹೆಡ್ಡಿಂಗ್ ಇದೆ. ಹೊಸದಾಗಿ ಸೇರಿದವರು ಇದೇನು ಅಂತ ಕೇಳಿದರೆ ಅಕ್ಕಪಕ್ಕದವರು ನಗು ತಡೆದುಕೊಂಡು ನನ್ನ ಕಡೆ ಕೈ ತೋರಿಸುತ್ತಾರೆ. ಐದು ವರ್ಷದ ನೌಕರಿಯಲ್ಲಿ ನನ್ನ ಹೆಸರಿನಲ್ಲಿ ಉಳಿದಿರುವುದು ಆ ಒಂದು ಕಾಲಂ.

ಮುಂಬೈನ ಲೋವರ್ ಪರೇಲ್‌ನ ಹಳೇ ಮಿಲ್ ಕಾಂಪೌಂಡಿನಲ್ಲಿ ನಮ್ಮ ಆಫೀಸು. ಟೀಶರ್ಟ್, ಮಗ್, ಬ್ಯಾಗ್ ಮಾಡುವ ಕಂಪನಿಗಳು ಯಾವುದರ ಲೈಸೆನ್ಸ್ ಹಿಡಿದರೆ ಲಾಭ, ಎಂಜಿ, ಅಂದರೆ ಮಾಲು ಮಾರಲಿ ಬಿಡಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಎಷ್ಟರ ತನಕ ಹೋಗಬಹುದು ಅಂತ ನಾವು ಸ್ಲೈಡುಗಳ ಡೆಕ್ ಮಾಡಿ ಕೊಡುತ್ತೇವೆ. ಕಾರ್ಟೂನು, ಕ್ರಿಕೆಟ್ಟು ಜಾಸ್ತಿ. ಆ ಮಳೆಗಾಲ ಒಬ್ಬ ಕ್ಲೈಂಟ್‌ಗೆ ಹಳೇ ರಾಕ್ ಬ್ಯಾಂಡ್‌ಗಳ ಸೀರೀಸ್ ತರುವ ಹುಕಿ ಬಂತು. ಮೂರು ಬ್ಯಾಂಡ್, ಮೂರು ಜನ. ನನ್ನ ಪಾಲಿಗೆ ಪಿಂಕ್ ಫ್ಲಾಯ್ಡ್.

ಬಾಸ್ ಹೇಳಿದ್ದು ಇಷ್ಟೇ. “ವರ್ಲ್ಡ್‌ವೈಡ್ ಆಲ್ಬಂ ಸೇಲ್ಸ್ ಒಂದು ನಂಬರ್ ಹಾಕು. ಒಂದೇ ನಂಬರ್. ರೇಂಜ್ ಕೊಟ್ಟರೆ ಕ್ಲೈಂಟ್‌ಗೆ ನಮಗೇ ಗೊತ್ತಿಲ್ಲ ಅನ್ನಿಸುತ್ತೆ.” ನಮಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಟೈಮು ಎರಡು ದಿನ.

ಹುಡುಕಿದರೆ ಎಲ್ಲ ಕಡೆ 25 ಕೋಟಿ ಅಂತ ಸಿಗುತ್ತದೆ. ಪೇಪರ್‌ನವರು ಪ್ರೆಸ್ ನೋಟ್ ನೋಡಿ ಬರೆಯುತ್ತಾರೆ, ಮುಂದಿನ ಪ್ರೆಸ್ ನೋಟ್ ಬರೆಯುವವರು ಪೇಪರ್ ನೋಡುತ್ತಾರೆ. ನಮ್ಮೂರ ಜಾತ್ರೆಗೆ ಎಷ್ಟು ಜನ ಬಂದಿದ್ದರು ಅಂತ ಕೇಳಿದ ಹಾಗೆ. ಮೊದಲು ಯಾರು ಹೇಳಿದ್ದು ಅಂತ ಹುಡುಕಬಾರದು, ಸಿಗುವುದಿಲ್ಲ. ಅದೂ ‘ರೆಕಾರ್ಡ್’ ಲೆಕ್ಕ. ಅದರಲ್ಲಿ ಆಲ್ಬಂ ಎಷ್ಟು, ಸಿಂಗಲ್ ಎಷ್ಟು ಅಂತ ಬಿಡಿಸಿ ಹೇಳಿರುವುದಿಲ್ಲ.

ಹಾಗಾಗಿ ನಾನು ಕೆಳಗಿನಿಂದ ಕೂಡಿಸಿಕೊಂಡು ಹೊರಟೆ. ಒಂದೊಂದು ದೇಶದ ಸರ್ಟಿಫಿಕೇಶನ್, ಅಂದರೆ ಇಷ್ಟು ಮಾರಿದೆ ಅಂತ ಕೊಡುವ ಗೋಲ್ಡ್, ಅದರ ಮೇಲಿನ ಪ್ಲಾಟಿನಂ, ತೆಗೆದುಕೊಳ್ಳುವುದು, ಆ ದೇಶದ ಅಳತೆಯಿಂದ ಗುಣಿಸುವುದು. ಪ್ಲಾಟಿನಂ ಅಂದರೆ ಅಮೆರಿಕದಲ್ಲಿ 10 ಲಕ್ಷ, ಇಂಗ್ಲೆಂಡಿನಲ್ಲಿ 3 ಲಕ್ಷ. ಕೆನಡಾದಲ್ಲಿ ಮೊದಲು 1 ಲಕ್ಷ ಇತ್ತು, 2008ರಲ್ಲಿ 80 ಸಾವಿರಕ್ಕೆ ಇಳಿಸಿದರು. ಜರ್ಮನಿಯಲ್ಲಿ 5 ಲಕ್ಷ ಇದ್ದದ್ದು ಇಳಿಯುತ್ತಾ ಇಳಿಯುತ್ತಾ 2003ರಲ್ಲಿ 2 ಲಕ್ಷಕ್ಕೆ ಬಂತು. ಇಸವಿ ನೋಡದೆ ಗುಣಿಸಿದರೆ ಕೆಟ್ಟಿತು. ನಮ್ಮ ಇಂಟರ್ನ್ ಹುಡುಗ ಹಿಂದೊಮ್ಮೆ ಎಲ್ಲ ದೇಶದ ಪ್ಲಾಟಿನಂಗೂ 10 ಲಕ್ಷ ಹಾಕಿ ಗುಣಿಸಿದ್ದ. ನಾನೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಬುದ್ಧಿ ಹೇಳಿದ್ದೆ. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಇನ್ನೂ ತೊಡಕುಗಳಿವೆ. ಅಮೆರಿಕದಲ್ಲಿ ಈ ಸರ್ಟಿಫಿಕೇಟ್ ಕೊಡುವ ರೆಕಾರ್ಡ್ ಕಂಪನಿಗಳ ಸಂಘ ಆರ್‌ಐಎಎ ಎಣಿಸುತ್ತಿದ್ದದ್ದು ಅಂಗಡಿಗೆ ಹೋದ ಮಾಲನ್ನು, ಗಿರಾಕಿ ಕೊಂಡದ್ದನ್ನಲ್ಲ. ಕಂಪನಿಯೇ ದುಡ್ಡು ಕಟ್ಟಿ, ಆಡಿಟ್ ಮಾಡಿಸಿ ಅರ್ಜಿ ಹಾಕಬೇಕು. ಹಾಕದಿದ್ದರೆ ಮಾರಿದ್ದೂ ಲೆಕ್ಕಕ್ಕಿಲ್ಲ. ಪ್ಲಾಟಿನಂ ಅನ್ನುವುದೇ ಶುರುವಾದದ್ದು 1976ರಲ್ಲಿ. ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಬಂದದ್ದು 1973ರ ಮಾರ್ಚ್‌ನಲ್ಲಿ. ಮುಂದಿನ ತಿಂಗಳೇ ಗೋಲ್ಡ್ ಸಿಕ್ಕಿತು. ಆಮೇಲೆ 1990ರಲ್ಲಿ ಒಂದೇ ಏಟಿಗೆ 11 ಪ್ಲಾಟಿನಂ. ಆ ನಡುವೆ 1988ರ ತನಕ ಅದು ಅಮೆರಿಕದಲ್ಲಿ ಹೆಚ್ಚು ಮಾರುವ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 741 ವಾರ ಇತ್ತು. ಸರ್ಟಿಫಿಕೇಟ್ ಮಾತ್ರ ನೋಡಿದವನಿಗೆ ಆ ಆಲ್ಬಂ ಹದಿನೇಳು ವರ್ಷ ಗೊರಕೆ ಹೊಡೆಯುತ್ತಿತ್ತು ಅನ್ನಿಸಬೇಕು. 1998ಕ್ಕೆ ಅದು 15 ಆಯಿತು.

ಮೊದಲ ದಿನ ರಾತ್ರಿ ಡೊಂಬಿವಲಿಯ ರೂಮಿನಲ್ಲಿ ಕೂತು ಕೂಡಿಸಿದೆ. ಎಷ್ಟು ಎಳೆದರೂ ಮೊತ್ತ ಆ 25 ಕೋಟಿಯ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಬೇಜಾರಾಯಿತು. ಆಗ ಕಣ್ಣಿಗೆ ಬಿತ್ತು ಒಂದು ಸಾಲು. ಅಮೆರಿಕದಲ್ಲಿ ಡಾರ್ಕ್ ಸೈಡ್‌ಗೆ 15 ಪ್ಲಾಟಿನಂ. 1979ರ ‘ದಿ ವಾಲ್’ಗೆ 23.

23! ಊರಿಗೆಲ್ಲ ಗೊತ್ತಿರುವುದು ಡಾರ್ಕ್ ಸೈಡ್ ಕವರಿನ ಆ ತ್ರಿಕೋನದ ಚಿತ್ರ. ಫ್ಯಾಶನ್ ಸ್ಟ್ರೀಟಿನಲ್ಲಿ ಪ್ರತಿ ಮೂರನೇ ಅಂಗಡಿಯಲ್ಲಿ ಕಪ್ಪು ಟೀಶರ್ಟಿನ ಮೇಲೆ ಕಾಮನಬಿಲ್ಲು ತೂಗುತ್ತಿರುತ್ತದೆ. ಹಾಕಿಕೊಂಡವರಲ್ಲಿ ಅರ್ಧ ಜನಕ್ಕೆ ಅದು ಫಿಸಿಕ್ಸ್ ಪಾಠ. ಆದರೆ ಜನ ದುಡ್ಡು ಕೊಟ್ಟು ಕೊಂಡದ್ದು ‘ದಿ ವಾಲ್’, ಗೋಡೆಯನ್ನು! ಇದು ಯಾರಿಗೂ ಹೊಳೆದಿಲ್ಲ, ನನಗೆ ಹೊಳೆಯಿತು ಅಂತ ಎಷ್ಟು ಖುಷಿಯಾಯಿತು ಅಂದರೆ, ರಾತ್ರಿ ಹನ್ನೆರಡೂವರೆಗೆ ಬಾಸ್‌ಗೆ ಮೆಸೇಜ್ ಹಾಕಿದೆ. ‘ಇನ್‌ಸೈಟ್ ಸಿಕ್ಕಿದೆ.’ ಅವರೂ ಎದ್ದಿದ್ದರು. ಬೆಂಕಿಯ ಇಮೋಜಿ ಮೂರು ಬಂತು.

ಸುಳ್ಳು ಹೇಳುವುದಿಲ್ಲ. ಆ ರಾತ್ರಿ ಒಂದು ಕ್ಷಣ ಅನುಮಾನ ಬಂದಿತ್ತು. ಅಷ್ಟೊಂದು ಹೇಗೆ ಅಂತ. ಸೈಟಿಗೆ ಮತ್ತೆ ಹೋಗಿ ನೋಡಿದೆ. 23 ಅಂತಲೇ ಇತ್ತು. ಇದ್ದದ್ದು ಇದೆಯಾ ಅಂತ ನೋಡಿದೆನೇ ಹೊರತು, ಅದು ಏನನ್ನು ಎಣಿಸಿದ್ದು ಅಂತ ನೋಡಲಿಲ್ಲ. 15 ಕಂಡಾಗ ನಾಲ್ಕು ಕಡೆ ಚೆಕ್ ಮಾಡಿದವಳು ನಾನು. 23 ನನಗೆ ಬೇಕಾಗಿತ್ತು, ಅದಕ್ಕೆ ಒಂದೇ ಕಡೆ ಸಾಕಾಯಿತು.

ಮೀಟಿಂಗ್ ಅಂಧೇರಿಯಲ್ಲಿ, ಕ್ಲೈಂಟ್ ಆಫೀಸಿನಲ್ಲಿ. ಜೋರು ಮಳೆ. ಲೋಕಲ್ ತಡವಾಗಿ, ಒದ್ದೆ ಚಪ್ಪಲಿಯಲ್ಲಿ ಚಿಕ್‌ಚಿಕ್ ಅಂತ ಸದ್ದು ಮಾಡಿಕೊಂಡು ಒಳಗೆ ಹೋದೆ. ಮಾರ್ಕೆಟಿಂಗ್‌ನ ನಾಲ್ಕು ಜನ, ಡಿಸೈನ್‌ನ ಇಬ್ಬರು, ಮೂಲೆಯಲ್ಲಿ ಫೈನಾನ್ಸ್‌ನ ಹಿರಿಯರೊಬ್ಬರು. ಅರವತ್ತರ ಹತ್ತಿರ ಇರಬೇಕು. ಮೊದಲ ಮುಕ್ಕಾಲು ಗಂಟೆ ಅವರು ಬಿಸ್ಕತ್ತು ಚಹಾದಲ್ಲಿ ಅದ್ದಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

14ನೇ ಸ್ಲೈಡ್ ಬಂತು. ಬಾಸ್ ಅದಕ್ಕೆ ಇಡೀ ಪುಟ ತುಂಬುವ ಹೆಡ್ಡಿಂಗ್ ಕೊಟ್ಟಿದ್ದರು. ಅಮೆರಿಕ: ಗೋಡೆ 2.3 ಕೋಟಿ, ತ್ರಿಕೋನ 1.5 ಕೋಟಿ. ಕೆಳಗೆ ನಮ್ಮ ಸಲಹೆ. ಡಿಸೈನ್‌ಗಳಲ್ಲಿ ನೂರಕ್ಕೆ ಅರವತ್ತು ಇಟ್ಟಿಗೆ ಗೋಡೆಯದ್ದು ಇರಲಿ. ನಾನು ಹಾಕಿದ್ದ ಫೂಟ್‌ನೋಟನ್ನು ‘ಕ್ಲೀನ್ ಆಗಿ ಕಾಣಲಿ’ ಅಂತ ಬಾಸ್ ತೆಗೆದಿದ್ದರು. ಇದ್ದಿದ್ದರೂ ಪ್ರಯೋಜನ ಆಗುತ್ತಿರಲಿಲ್ಲ, ಅದರಲ್ಲೂ ತಪ್ಪೇ ಇತ್ತು. ಆದರೂ ಇದನ್ನು ಎಲ್ಲಾದರೂ ಬರೆದಿಡಬೇಕಿತ್ತು, ಬರೆದೆ.

ಹಿರಿಯರು ಕಪ್ಪು ಕೆಳಗಿಟ್ಟು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು. ಈ 2.3 ಕೋಟಿ ಎಲ್ಲಿಂದ ಬಂತು?

ನಾನು ಎದೆ ಉಬ್ಬಿಸಿ “ಆರ್‌ಐಎಎ ಅಧಿಕೃತ ಲೆಕ್ಕ, ಸರ್” ಅಂದೆ.

“ಅಷ್ಟು ಮಾರಿರಲಿಕ್ಕಿಲ್ಲ.”

ಇಲ್ಲಿ ಬಾಯಿ ಮುಚ್ಚಿಕೊಂಡು ‘ಚೆಕ್ ಮಾಡಿ ಹೇಳುತ್ತೇನೆ’ ಅಂದಿದ್ದರೆ ಮುಗಿಯುತ್ತಿತ್ತು. ನಾನು “ತೋರಿಸಿಯೇ ಬಿಡುತ್ತೇನೆ ಸರ್” ಅಂತ ಸ್ಕ್ರೀನ್ ಶೇರ್‌ನಲ್ಲೇ ಬ್ರೌಸರ್ ತೆರೆದೆ. ಅವರ ಗೆಸ್ಟ್ ವೈಫೈ ಚಕ್ರ ತಿರುಗಿಸುತ್ತಾ ಕೂತಿತು. ಪಕ್ಕದ ಟ್ಯಾಬ್‌ನಲ್ಲಿ ನಾನು ನೋಡುತ್ತಿದ್ದ ಬೇರೆ ಕಂಪನಿಯ ಕೆಲಸದ ಜಾಹೀರಾತು. ಬಾಸ್ ಕೂಡ ಅದನ್ನು ನೋಡಿದರು. ಎಸಿಯ ತಣ್ಣನೆ ಗಾಳಿಯಲ್ಲಿ ಒದ್ದೆ ಪಾದ ಮರಗಟ್ಟುತ್ತಿತ್ತು. ಕೊನೆಗೆ ಪುಟ ತೆರೆಯಿತು. ದೊಡ್ಡದಾಗಿ 23 ಪ್ಲಾಟಿನಂ. ನಾನು ಗೆದ್ದೆ. ಕೋಣೆಯಲ್ಲಿ ಎಲ್ಲರೂ ತಲೆ ಆಡಿಸಿದರು. ಆ ಗೆಲುವು ಹೆಚ್ಚೆಂದರೆ ಒಂದು ನಿಮಿಷ ಇತ್ತು.

ಹಿರಿಯರು ಪರದೆ ನೋಡಲೇ ಇಲ್ಲ. “ಅದು ಎರಡು ರೆಕಾರ್ಡಿನ ಆಲ್ಬಂ. ಒಂದು ಸೆಟ್ ಮಾರಿದರೆ ಎರಡು ಅಂತ ಎಣಿಸಿದ್ದಾರೋ ಏನೋ, ನೋಡಿ” ಅಂದರು.

ಬೀಟಲ್ಸ್‌ನ ಬಿಳಿ ಆಲ್ಬಂ ನೆನಪಾದದ್ದು ಆಗ. ಅದೂ ಎರಡು ಡಿಸ್ಕ್. ಅದಕ್ಕೆ 24 ಪ್ಲಾಟಿನಂ ಇದೆ, ಆದರೆ ಸೆಟ್ ಲೆಕ್ಕದಲ್ಲಿ 1.2 ಕೋಟಿ ಅಂತ ಯಾವಾಗಲೋ ಓದಿದ್ದೆ. ಓದಿದ್ದೆ! ತಲೆಯಲ್ಲಿ ಇತ್ತು! ಹಾಗಾದರೆ ಗೋಡೆ 1.15 ಕೋಟಿ. ತ್ರಿಕೋನದ 1.5 ಕೋಟಿಗಿಂತ ಕಮ್ಮಿ. ಸ್ಲೈಡ್ ಪೂರ್ತಿ ತಲೆಕೆಳಗು. ಅರವತ್ತು ಪರ್ಸೆಂಟ್ ಇಟ್ಟಿಗೆ ನನ್ನ ತಲೆ ಮೇಲೆ. “ಅಯ್ಯೋ ರಾಮ” ಅಂತ ಗಟ್ಟಿಯಾಗಿಯೇ ಅಂದುಬಿಟ್ಟೆ.

ಯಾರೂ ಮಾತಾಡಲಿಲ್ಲ. ಡಿಸೈನ್ ಹುಡುಗಿ ಪೆನ್ನಿನ ಕ್ಯಾಪ್ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಬಾಸ್ ನಗುತ್ತಾ “ನಂಬರ್ಸ್ ರೀವಿಸಿಟ್ ಮಾಡುತ್ತೇವೆ” ಅಂದರು. ಅವರು ಆ ನಗು ನಕ್ಕರೆ ಅಪ್ರೈಸಲ್‌ಗೆ ಒಳ್ಳೆಯದಲ್ಲ. ನಾನು ಎದ್ದು ನಿಂತು ಹೇಳಿದೆ. ಲೆಕ್ಕ ನನ್ನದು, ತಪ್ಪೂ ನನ್ನದು, ಅರ್ಧ ಮಾಡಿಕೊಳ್ಳಿ. ಆ ಅಮೆರಿಕದ ಒಟ್ಟು ಮೊತ್ತದಲ್ಲೂ ಡಬಲ್ ಆಲ್ಬಂಗಳೆಲ್ಲ ಎರಡೆರಡು ಸಲ ಕೂತಿವೆ, ಹಾಗಾಗಿ 3ನೇ ಸ್ಲೈಡಿನ ದೊಡ್ಡ ನಂಬರ್ ಕೂಡ ತಪ್ಪು. ಇದನ್ನು ಹೇಳುವಾಗ ಬಾಸ್ ಮೇಜಿನ ಕೆಳಗೆ ನನ್ನ ಕಾಲು ಒದ್ದರು. ತಡವಾಗಿತ್ತು.

ಆಫೀಸಿಗೆ ಬಂದು ಶೀಟ್ ಪೂರ್ತಿ ಕೆದಕಿದೆ. ಇನ್ನೊಂದು ಸಿಕ್ಕಿತು. ಯುರೋಪ್ ಪ್ಲಾಟಿನಂ ಅಂತ 1996ರಲ್ಲಿ ಶುರುವಾದ ಪ್ರಶಸ್ತಿ ಇದೆ, ಇಡೀ ಯುರೋಪಿನಲ್ಲಿ 10 ಲಕ್ಷ ಮಾರಿದರೆ ಕೊಡುತ್ತಿದ್ದರು. ಅದನ್ನು ನಾನು ಇಂಗ್ಲೆಂಡ್, ಜರ್ಮನಿಯ ಕೆಳಗೆ ಇನ್ನೊಂದು ದೇಶ ಅನ್ನುವಂತೆ ಸೇರಿಸಿದ್ದೆ. ಯುರೋಪ್ ಅನ್ನೋ ದೇಶ. ಇದನ್ನು ಯಾರಿಗೂ ಹೇಳದೆ ಅಳಿಸಿದೆ. ಈಗ ಇಲ್ಲಿ ಹೇಳಿದ ಹಾಗಾಯಿತು.

ಪರಿಷ್ಕೃತ ಡೆಕ್‌ನಲ್ಲಿ ಒಂದೇ ನಂಬರ್ ಹಾಕಲಿಲ್ಲ. ಬಾಸ್ ಜೊತೆ ಜಗಳ ಆಯಿತು. ಕೊನೆಗೆ ಎರಡು ಸಾಲು ಹಾಕಿದೆವು. ಸರ್ಟಿಫೈ ಆದದ್ದು ಇಷ್ಟು, ಕಂಪನಿಯವರು ಹೇಳಿಕೊಳ್ಳುವುದು ಇಷ್ಟು, ನಡುವಿನದ್ದು ಯಾರ ಕೈಯಲ್ಲೂ ರಸೀದಿ ಇಲ್ಲ. 2016ರಿಂದ ಅಮೆರಿಕದವರು 1,500 ಸಲ ಸ್ಟ್ರೀಮ್ ಆದರೆ ಒಂದು ಆಲ್ಬಂ ಅಂತ ಹಿಡಿಯುತ್ತಾರೆ, ಅದಕ್ಕೆ ಬೇರೆ ಬಣ್ಣ. ಕ್ಲೈಂಟ್ ತ್ರಿಕೋನವನ್ನೇ ಬೇಕೆಂದರು. ಆಮೇಲೆ ಸೀರೀಸನ್ನೇ ಕೈಬಿಟ್ಟು ಕಾರ್ಟೂನ್ ಬೆಕ್ಕಿಗೆ ಹೋದರು. ನಮ್ಮ ಧಂಧೆಯೇ ಹೀಗೆ.

ಹೇಳಬೇಕಾದ ಇನ್ನೊಂದಿದೆ. ಆ ದಿನ ಲಿಫ್ಟ್ ಹತ್ತಿರ ಹಿರಿಯರು ಸಿಕ್ಕರು. ನಾನು ಗೋಡೆ ನೋಡುತ್ತಾ ನಿಂತಿದ್ದೆ.

“ಯಾ ಊರವ್ವಾ ತಂಗಿ ನಿಂದು?”

ಬೆಚ್ಚಿಬಿದ್ದೆ. “ಶಿರಸಿ, ಸರ್.”

“ಅಯ್ಯೋ ರಾಮ ಅಂದಾಗನ ಗೊತ್ತಾತು. ನಂದು ಹುಬ್ಬಳ್ಳಿ. ಮೊದಲ ಹೇಳಿದ್ದಿದ್ರ ಹೊರಗ ಕರದು ಹೇಳತಿದ್ನೆಲ್ಲ.”

ಅವರು ಎಂಬತ್ತರ ದಶಕದಲ್ಲಿ ಮುಂಬೈಗೆ ಓದಲು ಬಂದವರು. ಹಾಸ್ಟೆಲಿನ ಗೆಳೆಯನ ಅಣ್ಣ ಗಲ್ಫ್‌ನಿಂದ ರೆಕಾರ್ಡ್ ತಂದಿದ್ದನಂತೆ. ಕೊಳ್ಳಲು ದುಡ್ಡಿಲ್ಲ. ದಾದರ್‌ನ ಒಂದು ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ ಕೊಟ್ಟು ತುಂಬಿಸಿಕೊಳ್ಳುವುದು. “ಸಿ-90ದಾಗ ಒಂದ್ ಸೈಡಿಗೆ ನಲವತ್ತೈದು ನಿಮಿಷ. ಡಾರ್ಕ್ ಸೈಡ್ ನಲವತ್ಮೂರು, ಒಂದ ಸೈಡಿಗೆ ಕೂತಿತು. ದಿ ವಾಲ್‌ಗೆ ಎರಡೂ ಸೈಡು ಬೇಕಾತು. ಅಂಗಡಿಯಂವ ಎರಡು ಪ್ಲೇಟಿನ ರೊಕ್ಕ ತಗೊಂಡ. ಅದನ್ನ ನಾ ಹೆಂಗ ಮರೀಲಿ?”

ಮುಂದೆ ಒಂದು ಭಾನುವಾರ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಅವರಿಂದ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಮನೆ ಸ್ವಚ್ಛ ಮಾಡುವಾಗ ಸಿಕ್ಕಿತಂತೆ. ಟಿಡಿಕೆ ಕ್ಯಾಸೆಟ್, ಮೂಲೆ ಒಡೆದ ಡಬ್ಬಿ. ಎ ಸೈಡಿನಲ್ಲಿ ನೀಲಿ ಇಂಕಿನ ಇಂಗ್ಲಿಷ್ ಅಕ್ಷರ, ಪಿಂಕ್ ಫ್ಲಾಯ್ಡ್, ಡಾರ್ಕ್ ಸೈಡ್. ಬಿ ಸೈಡಿನಲ್ಲಿ ಕನ್ನಡದಲ್ಲಿ ‘ಭೀಮಣ್ಣ, ದಾಸರ ಪದ’. ಕೆಳಗೆ ಅವರ ಮೆಸೇಜು.

“ಇದು ನಿನ್ನ ಶೀಟಿನ್ಯಾಗ ಯಾವ ಕಾಲಂ?”

ಇನ್ನೂ ಉತ್ತರ ಕೊಟ್ಟಿಲ್ಲ.